ರೂಮು ಮಾರಿ ಊರಿಗೆ ಹೋಗೋದಾ?



ಕಳೆದ ಭಾನುವಾರದ ಫೋನ್-ಇನ್‌ನಲ್ಲಿ ಡೊಂಬಿವಲಿಯಿಂದ ಒಬ್ಬರು ಮಾತಾಡಿದ್ದು ನಿಮಗೆ ನೆನಪಿರಬಹುದು. ಇಪ್ಪತ್ತೆಂಟು ವರ್ಷ ಕ್ಯಾಂಟೀನು ನಡೆಸಿದವರು. "ಮೇಡಂ, ರೂಮು ಮಾರಿ ಉಡುಪಿ ಕಡೆ ಹೋಗಿ ಏನಾದರೂ ಶುರು ಮಾಡುವ ಅಂತ ಮಗ ಹೇಳ್ತಾನೆ. ಹೋಗಬಹುದಾ?" ಅಂತ ಕೇಳಿದರು. ಹಾಡಿಗೆ ಹೊತ್ತಾಗಿತ್ತು, ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

ಈಗ ಸಣ್ಣ ಊರುಗಳು ಕೂಡ ತಮ್ಮ ಜಾಹೀರಾತು ತಾವೇ ಮಾಡಿಕೊಳ್ಳುತ್ತವೆ. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ 'ಬಿಯಾಂಡ್ ಬೆಂಗಳೂರು' ಎಂಬ ಹೆಸರಿನಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಯ ಕಡೆಗೆ ಕಂಪನಿಗಳನ್ನು ಕರೆಯಿತು. ರಾಜ್ಯದ 2020-25ರ ಕೈಗಾರಿಕಾ ನೀತಿಯಲ್ಲೂ ಬೆಂಗಳೂರಿನ ಎರಡು ಜಿಲ್ಲೆಗಳಿಗಿಂತ ಹೊರಗಿನ ಜಿಲ್ಲೆಗಳಿಗೇ ರಿಯಾಯಿತಿ ಜಾಸ್ತಿ ಇತ್ತು. ಕರಪತ್ರಗಳಲ್ಲಿ ಎಲ್ಲ ಊರಿಗೂ ಒಂದೇ ವರ್ಣನೆ: ಬಾಡಿಗೆ ಕಡಿಮೆ, ಗಾಳಿ ಶುದ್ಧ, ಟ್ರಾಫಿಕ್ ಇಲ್ಲ. ಸರಿ, ಆದರೆ ಬಾಡಿಗೆ ಕಡಿಮೆ ಇರುವ ಊರುಗಳು ದೇಶದಲ್ಲಿ ಎಷ್ಟಿಲ್ಲ! ಜನ ಕೆಲವೇ ಊರುಗಳಿಗೆ ಯಾಕೆ ಹೋಗುತ್ತಾರೆ?

ಮಣಿಪಾಲವನ್ನೇ ನೋಡಿ. ಒಂದು ಕಾಲಕ್ಕೆ ಬೋಳು ಗುಡ್ಡ. ಅಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ದುಡ್ಡು ಕೂಡಿಸುವ ಅಭ್ಯಾಸ ಆ ಕಡೆಯವರಿಗೆ ಮೊದಲೇ ಇತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದಲೇ ಪಿಗ್ಮಿ ಏಜೆಂಟರನ್ನು ಮನೆಮನೆಗೆ ಕಳಿಸಿ ಎರಡಾಣೆಯನ್ನೂ ಜಮೆ ಮಾಡಿಸಿಕೊಳ್ಳುತ್ತಿತ್ತು. (ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಮ್ಮ ಅಜ್ಜಿಗೆ ಈಗಲೂ ಅದು ಸಿಂಡಿಕೇಟೇ.) ಕಾಲೇಜು, ಆಸ್ಪತ್ರೆ ಬಂದ ಮೇಲೆ ಹೊರಗಿನ ಮಕ್ಕಳು ಬಂದರು, ಅವರ ಹಿಂದೆ ಹಾಸ್ಟೆಲು, ಮೆಸ್ಸು, ಜೆರಾಕ್ಸು, ಬಾಡಿಗೆ ಮನೆ. ಗುಡ್ಡದ ಮೇಲೆ ಪೇಟೆ ಹುಟ್ಟಿದ್ದು ಹೀಗೆ.

ಇನ್ನೊಂದು ಉದಾಹರಣೆ ರೋಬೋಸಾಫ್ಟ್. ರೋಹಿತ್ ಭಟ್ ಅವರು 1996ರಲ್ಲಿ ಉಡುಪಿಯಲ್ಲೇ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದಾಗ ಕೊಂಕಣ ರೈಲು ಮುಂಬಯಿಯಿಂದ ಮಂಗಳೂರಿನವರೆಗೆ ಪೂರ್ತಿ ಓಡುತ್ತಲೂ ಇರಲಿಲ್ಲ. ಅದು ಆದದ್ದು 1998ರ ಜನವರಿಯಲ್ಲಿ. 2021ರಲ್ಲಿ ಆ ಕಂಪನಿಯನ್ನು ಜಪಾನಿನ ಟೆಕ್ನೋಪ್ರೊ ಕೊಂಡುಕೊಂಡಿತು. ಇದರ ಗುಟ್ಟು ದೊಡ್ಡದೇನಲ್ಲ. ಕೆಲಸ ಮಾಡುವವರು ಊರಲ್ಲಿ, ದುಡ್ಡು ಕೊಡುವ ಗಿರಾಕಿ ಊರಾಚೆ.

ಇದನ್ನೇ ನಾನು ಫೋನಿನಲ್ಲಿ ಹೇಳಬೇಕಿದ್ದದ್ದು. ನಮ್ಮವರು ಊರಿಗೆ ಹೋದ ಕೂಡಲೇ ಯೋಚಿಸುವುದು ಹೋಟೆಲು. ನನ್ನ ದೊಡ್ಡಮ್ಮನ ಮಗನೂ ಅದನ್ನೇ ಮಾಡಿದ. ಕಲ್ಯಾಣದ ಮನೆ ಮಾರಿ ಕುಂದಾಪುರದ ಹತ್ತಿರ ಹೋಟೆಲು ಹಾಕಿದ. ಜನವರಿಯಲ್ಲಿ ಜಾಗ ತೋರಿಸಿದ ಬ್ರೋಕರು ಜುಲೈಯಲ್ಲಿ ಎದುರಿನ ರಸ್ತೆ ಹೊಳೆಯಾಗುತ್ತದೆ ಅಂತ ಹೇಳಲಿಲ್ಲ. ರಾತ್ರಿ ಎಂಟಕ್ಕೆ ಪೇಟೆ ಮಲಗುತ್ತದೆ ಅನ್ನುವುದು ಇವನಿಗೂ ಹೊಳೆಯಲಿಲ್ಲ. ಎರಡು ವರ್ಷಕ್ಕೆ ಬಾಗಿಲು ಹಾಕಿ ವಾಪಸ್ ಬಂದ. ಈಗ ಅದೇ ಕಲ್ಯಾಣದಲ್ಲಿ ಬಾಡಿಗೆಗಿದ್ದಾನೆ. ಅಣ್ಣ ಬೇಜಾರು ಮಾಡಿಕೊಳ್ಳುವುದಿಲ್ಲ ಅಂದುಕೊಂಡು ಬರೆದಿದ್ದೇನೆ.

ಹಾಗಾಗಿ ರೂಮು ಮಾರಬೇಡಿ, ಬಾಡಿಗೆಗೆ ಕೊಡಿ. ಊರಲ್ಲಿ ಒಂದು ಮನೆ ಹಿಡಿದು ಪೂರ್ತಿ ಮಳೆಗಾಲ ಇದ್ದು ನೋಡಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ಅದು. ಕರೆಂಟು ಎಷ್ಟು ಹೊತ್ತು ಹೋಗುತ್ತದೆ, ಇಂಟರ್ನೆಟ್ ನಿಲ್ಲುತ್ತದಾ, ಕೆಲಸಕ್ಕೆ ಹುಡುಗರು ಸಿಗುತ್ತಾರಾ, ಎಲ್ಲ ಆಗ ಗೊತ್ತಾಗುತ್ತದೆ. ಹುಡುಗರದ್ದೇ ಕಷ್ಟ, ಓದಿದವರು ಬೆಂಗಳೂರಿಗೋ ಗಲ್ಫಿಗೋ ಹೋಗಿರುತ್ತಾರೆ.

ಆಮೇಲೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಒಂದು ಸಲ ಹೋಗಿ ಬನ್ನಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯ 2022ರ ನಿಯಮದಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆಗೆ ಅವಕಾಶವಿತ್ತು. ಸಾಮಾನ್ಯ ವರ್ಗದವರಿಗೆ ಪೇಟೆಯಲ್ಲಿ ಶೇಕಡಾ 15 ಸಬ್ಸಿಡಿಯಾದರೆ ಹಳ್ಳಿಯಲ್ಲಿ 25. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು ಮುಂತಾದವರಿಗೆ ಹಳ್ಳಿಯಲ್ಲಿ 35. ಪುರಸಭೆಯ ಗಡಿಯ ಈಚೆಯೋ ಆಚೆಯೋ ಅನ್ನುವುದರಲ್ಲೇ ಲಕ್ಷಗಳ ವ್ಯತ್ಯಾಸ! ನೀವು ಹೋಗುವ ದಿನ ಯಾವ ಯೋಜನೆ ನಡೆಯುತ್ತಿದೆ ಅಂತ ಅಲ್ಲೇ ಕೇಳಿ, ಏಜೆಂಟನನ್ನಲ್ಲ. ಜಾಗ ಕೊಳ್ಳುವುದಿದ್ದರೆ ಪಹಣಿ ನೋಡಿ. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ನಿಜ. ಆದರೆ ಅದರಲ್ಲಿ ಶೆಡ್ ಕಟ್ಟಲು ಏನೇನು ಅನುಮತಿ ಬೇಕು ಅಂತ ತಾಲೂಕು ಕಚೇರಿಯಲ್ಲಿ ವಿಚಾರಿಸಿಯೇ ಅಡ್ವಾನ್ಸ್ ಕೊಡಿ.

ಇಷ್ಟೆಲ್ಲ ಹೇಳಿ ಹೆದರಿಸುತ್ತಿದ್ದೇನೆ ಅನ್ನಬೇಡಿ. ಒಳ್ಳೆಯ ಆಸ್ಪತ್ರೆ, ಕಾಲೇಜು, ರೈಲು ಮೂರೂ ಇರುವ ಸಣ್ಣ ಊರು ಎಲ್ಲರಿಗೂ ಸಿಗುವುದಿಲ್ಲ. ಮತ್ಸ್ಯಗಂಧದಲ್ಲಿ ಮಧ್ಯಾಹ್ನ ಕೂತರೆ ಮರುದಿನ ಬೆಳಗಾಗುವಾಗ ಉಡುಪಿ.

ಡೊಂಬಿವಲಿಯವರೇ, ಮಗ ಯಾವ ಕೆಲಸ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ ಅಂತ ನೀವು ಹೇಳಲೇ ಇಲ್ಲ. ಬರುವ ಭಾನುವಾರ ಅವನ ಕೈಯಲ್ಲೇ ಫೋನ್ ಮಾಡಿಸಿ. ಈ ಸಲ ಹಾಡು ಕಾಯಲಿ.