ಹೊಳಪು ಬೇಡ, ಬಿಗಿ ಬೇಕು: ಡೀಸೆಲ್ ಪಂಪಿನ ವಾಲ್ವ್ ಮನೆಯಲ್ಲೇ ಉಜ್ಜಿಕೊಳ್ಳಿ

ಎಂಜಿನ್ ಬಿಚ್ಚಿದ ಕೂಡಲೇ ಒಳಗಿನದನ್ನೆಲ್ಲ ಉಪ್ಪುಕಾಗದದಲ್ಲಿ ತಿಕ್ಕಿ ಫಳಫಳ ಅನ್ನಿಸುವ ಚಪಲ ನಮ್ಮಲ್ಲಿ ಬಹಳ ಜನಕ್ಕೆ. ಆದರೆ ಎಂಜಿನ್‌ಗೆ ಬೇಕಾದ್ದು ಹೊಳಪಲ್ಲ, ಗಾಳಿ ಸೋರದ ಬಿಗಿ.

ನಮ್ಮ ಕಟ್ಟಾಯದ ಕಡೆ ಆಲೂಗಡ್ಡೆ ಬಿತ್ತನೆ ಮೇ-ಜೂನ್‌ನಲ್ಲಿ. ಗೆಡ್ಡೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಕಟ್ಟೆಯಿಂದ ನೀರೆತ್ತಲೇಬೇಕು. ಆ ವಾರ ಪಂಪು ಹಟ ಹಿಡಿದರೆ ಬೆಳೆಯೇ ಹೋಯಿತು. ಅದಕ್ಕೇ ನಾನು 5 ಹೆಚ್.ಪಿ. ಒಂಟಿ ಸಿಲಿಂಡರ್ ಎಂಜಿನ್ನಿನ ವಾಲ್ವ್ ಕೆಲಸವನ್ನು ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳುತ್ತೇನೆ.

ಸೋರುವುದೆಲ್ಲಿ?

ಡೀಸೆಲ್ ಬಂದ್ ಮಾಡಿ, ಹ್ಯಾಂಡಲ್ ನಿಧಾನ ತಿರುಗಿಸಿ. ಗಾಳಿ ಒತ್ತುವಾಗ ಕೈಗೆ ಬಿಗಿ ಸಿಗಬೇಕು. ಸಿಗದಿದ್ದರೆ ಕಿವಿಗೊಡಿ. ಸೈಲೆನ್ಸರ್‌ನಲ್ಲಿ ಸುಸ್ ಅಂದರೆ ಹೊಗೆ ವಾಲ್ವ್, ಏರ್ ಫಿಲ್ಟರ್‌ನಲ್ಲಿ ಅಂದರೆ ಗಾಳಿ ವಾಲ್ವ್ ಸೋರುತ್ತಿದೆ. ಆಯಿಲ್ ಹಾಕುವ ಬಾಯಲ್ಲಿ ಗಾಳಿ ಬಂದರೆ ರಿಂಗು ಅಥವಾ ಲೈನರ್ ಸವೆದಿದೆ. ಅದು ಉಜ್ಜಿ ಸರಿಹೋಗುವಂಥದ್ದಲ್ಲ.

ಉಜ್ಜುವ ಕ್ರಮ

ಎಂಜಿನ್ ತಣ್ಣಗಿರುವಾಗ ನೀರು ಬಸಿದು ಹೆಡ್ ಬಿಚ್ಚಿ. ಯಾವ ವಾಲ್ವ್ ಯಾವ ಕಡೆಯದು ಎಂದು ಗುರುತು ಮಾಡಿ, ಅದಲುಬದಲು ಆಗಬಾರದು. ಸ್ಪ್ರಿಂಗ್ ಬಿಚ್ಚುವಾಗ ಸಿಡಿಯುತ್ತದೆ, ಮುಖ ದೂರವಿರಲಿ. ಮಸಿಯನ್ನು ಡೀಸೆಲ್‌ನಲ್ಲಿ ನೆನೆಸಿ ಬಿದಿರು ಚಕ್ಕೆಯಿಂದ ಕೆರೆಯಿರಿ.

ಗ್ರೈಂಡಿಂಗ್ ಪೇಸ್ಟ್ ಒರಟು, ನಯ ಎರಡು ಬಗೆ ಸಿಗುತ್ತದೆ. ವಾಲ್ವ್ ಕೂರುವ ಅಂಚಿಗೆ ಮಾತ್ರ ನಾಲ್ಕೈದು ಚುಕ್ಕೆ ಇಡಿ. ಕಾಂಡಕ್ಕೆ ತಾಗಿದರೆ ಗೈಡ್ ಸವೆಯುತ್ತದೆ. ರಬ್ಬರ್ ಬಟ್ಟಲಿನ ಕೋಲನ್ನು ವಾಲ್ವ್ ತಲೆಗೆ ಅಂಟಿಸಿ, ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ಹಿಂದೆ ಮುಂದೆ ತಿರುಗಿಸಿ. ಹತ್ತು-ಹದಿನೈದು ಸಲಕ್ಕೊಮ್ಮೆ ವಾಲ್ವ್ ಎತ್ತಿ, ಕಾಲು ಸುತ್ತು ತಿರುಗಿಸಿ ಕೂರಿಸಿ. ಮೊದಲು ಒರಟು, ಆಮೇಲೆ ನಯ.

ಸುತ್ತಲೂ ಎಲ್ಲೂ ಕಡಿಯದ, ಮಂಕು ಬೂದು ಬಣ್ಣದ ಉಂಗುರ ಮೂಡಿದರೆ ಸಾಕು, ನಿಲ್ಲಿಸಿ. ಇನ್ನಷ್ಟು ಉಜ್ಜಿದರೆ ಉಂಗುರ ಅಗಲವಾಗಿ ಬಿಗಿ ಕಮ್ಮಿಯಾಗುತ್ತದೆ. ಆಳದ ಗುಳಿ ಇದ್ದರೆ, ವಾಲ್ವ್ ಅಂಚು ಚಾಕುವಿನಂತೆ ತೆಳುವಾಗಿದ್ದರೆ ಅಥವಾ ವಾಲ್ವ್ ಗೈಡ್‌ನಲ್ಲಿ ಅಲುಗಾಡಿದರೆ ಲೇತ್ ಅಂಗಡಿಗೇ ಒಯ್ಯಿರಿ.

ಪರೀಕ್ಷೆ ಸುಲಭ. ಪೇಸ್ಟ್ ತೊಳೆದು, ಸ್ಪ್ರಿಂಗ್ ಹಾಕಿ, ಹೆಡ್ಡಿನ ಗಾಳಿ ಮತ್ತು ಹೊಗೆ ದಾರಿಗಳಿಗೆ ಡೀಸೆಲ್ ಸುರಿದು ಐದು ನಿಮಿಷ ಬಿಡಿ. ವಾಲ್ವ್ ಸುತ್ತ ತೇವ ಕಾಣದಿದ್ದರೆ ಕೆಲಸ ಗೆದ್ದ ಹಾಗೆ.

ಆಮೇಲೆ ಮತ್ತೊಮ್ಮೆ ಡೀಸೆಲ್, ಸೋಪುನೀರಿನಲ್ಲಿ ತೊಳೆದು ಒಣಗಿಸಿ ಆಯಿಲ್ ಸವರಿ. ಚೂರು ಪೇಸ್ಟ್ ಉಳಿದರೂ ಲೈನರ್ ತಿಂದುಹಾಕುತ್ತದೆ.

ಇವನ್ನು ಮುಟ್ಟಬೇಡಿ

ಲೈನರ್ ಒಳಮೈಯ ಅಡ್ಡಾದಿಡ್ಡಿ ಸಣ್ಣ ಗೀರುಗಳು ಆಯಿಲ್ ಹಿಡಿದಿಡಲೆಂದೇ ಇರುವಂಥವು. ಅವನ್ನು ಕನ್ನಡಿ ಮಾಡಿದರೆ ಆಯಿಲ್ ನಿಲ್ಲದು, ರಿಂಗು ಕೂರದು. ನೊಜಲ್ ತುದಿಗೆ, ಹೆಡ್ ಕೂರುವ ಮೈಗೆ ಉಪ್ಪುಕಾಗದ ಹಾಕಬೇಡಿ. ಕ್ರ್ಯಾಂಕ್ ಕೆಲಸ ಗ್ರೈಂಡಿಂಗ್ ಮೆಷಿನ್ನಿನದು, ಕೈಯದಲ್ಲ. ಅಲ್ಯೂಮಿನಿಯಂ ಪಿಸ್ಟನ್ನನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಲೇಬೇಡಿ, ಲೋಹವೇ ಕರಗುತ್ತದೆ.

ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ನಟ್ಟುಗಳನ್ನು ಎದುರುಬದುರಾಗಿ, ಒಂದೇ ಸಲಕ್ಕಲ್ಲ, ಎರಡು-ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಬಿಗಿಯ ಅಳತೆ, ಟ್ಯಾಪೆಟ್ ಸಂದು ಎರಡೂ ಎಂಜಿನ್ ಜೊತೆ ಬಂದ ಪುಸ್ತಕದಲ್ಲಿರುತ್ತವೆ. ಉಜ್ಜಿದ ಮೇಲೆ ವಾಲ್ವ್ ಕೊಂಚ ಒಳಗೆ ಕೂರುವುದರಿಂದ ಸಂದು ಕಿರಿದಾಗಿರುತ್ತದೆ. ಅದನ್ನು ಫೀಲರ್ ಗೇಜಿನಲ್ಲಿ ಅಳೆದು ಸರಿಮಾಡದಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ, ಉಜ್ಜಿದ್ದೂ ದಂಡ.