ಸಿನಿಮಾದ ಹಂಗಿಲ್ಲದ ‘ಡಿಸ್ಕೊ ದೀವಾನೆ’

1981ರಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ತನ್ನ ಎಚ್‌ಎಂವಿ ಹೆಸರಿನಲ್ಲಿ ಒಂದು ಎಲ್‌ಪಿ ರೆಕಾರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹಿಂದೆ ಸಿನಿಮಾ ಇರಲಿಲ್ಲ. ಪೋಸ್ಟರಿನಲ್ಲಿ ಮೆರೆಯಲು ನಾಯಕನಟನೂ ಇರಲಿಲ್ಲ. ಹಾಡಿದವಳು ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದುತ್ತಿದ್ದ ಹದಿಹರೆಯದ ಹುಡುಗಿ ನಾಜಿಯಾ ಹಸನ್. ಜೊತೆಗೆ ದನಿಗೂಡಿಸಿದವನು ಅವಳ ತಮ್ಮ ಜೊಹೇಬ್. ‘ಡಿಸ್ಕೊ ದೀವಾನೆ’ ಎಂಬ ಆ ರೆಕಾರ್ಡು ಮದುವೆ ಮನೆಯ ಧ್ವನಿವರ್ಧಕದಿಂದ ಕಾಲೇಜು ವಾರ್ಷಿಕೋತ್ಸವದ ವೇದಿಕೆಯವರೆಗೆ ಎಲ್ಲ ಕಡೆ ಮೊಳಗಿತು. ಸಿನಿಮಾ ಹಾಡೇ ಜನಪ್ರಿಯ ಹಾಡು ಎಂದು ಒಪ್ಪಿಕೊಂಡಿದ್ದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆ ರೆಕಾರ್ಡನ್ನು ಕಟ್ಟಿದವರು ನಮ್ಮ ಬೆಂಗಳೂರಿನವರು. ಹೆಸರು ಬಿದ್ದು ಅಪ್ಪಯ್ಯ.

ಕೊಡವ ಕುಟುಂಬದ ಬಿದ್ದು ಅವರ ಸಂಗೀತಪಾಠ ನಡೆದದ್ದು ಯಾವ ಗುರುವಿನ ಮುಂದೆಯೂ ಅಲ್ಲ, ರೇಡಿಯೊ ಸಿಲೋನಿನ ಮುಂದೆ. ಇಂಗ್ಲಿಷ್ ಪಾಪ್ ಹಾಡುಗಳನ್ನು ಕೇಳಿ ಕೇಳಿ ಕಿವಿಯಲ್ಲೇ ಕಲಿತು, ಗಿಟಾರಿನ ಮೇಲೆ ಹುಡುಕಿ ತೆಗೆಯುತ್ತಿದ್ದ ಕಾಲವದು. ಅರವತ್ತರ ದಶಕದಲ್ಲಿ ಗೆಳೆಯರೊಡನೆ ಸೇರಿ ‘ದಿ ಟ್ರೋಜನ್ಸ್’ ಎಂಬ ಬ್ಯಾಂಡ್ ಕಟ್ಟಿದರು. ಮುಂದೆ ದೈವಶಾಸ್ತ್ರಜ್ಞರಾಗಿ, ಶಿಕ್ಷಣ ಸಂಸ್ಥೆಯ ಸ್ಥಾಪಕರಾಗಿ ಹೆಸರಾದ ಕೆನ್ ಜ್ಞಾನಕನ್ ಕೂಡ ಆ ತಂಡದಲ್ಲಿದ್ದರು. ದಂಡು ಪ್ರದೇಶದ ಬೆಂಗಳೂರಿಗೆ ಇಂಗ್ಲಿಷ್ ಹಾಡು ಹೊಸತೇನಲ್ಲ. ಆದರೆ ಅದನ್ನೇ ನಂಬಿ ಊಟ ದುಡಿಯುತ್ತೇನೆ ಎಂದು ಹೊರಟವರು ಬೆರಳೆಣಿಕೆಯ ಮಂದಿ. ತಂಡ ಚದುರಿದ ಮೇಲೆ ಬಿದ್ದು ‘ಲೋನ್ ಟ್ರೋಜನ್’ ಎಂಬ ಹೆಸರಿಟ್ಟುಕೊಂಡು ಒಬ್ಬರೇ ಗಿಟಾರ್ ಹಿಡಿದು ಕಲ್ಕತ್ತೆ, ಬೊಂಬಾಯಿಗಳಲ್ಲಿ ಹಾಡಿದರು. 1967ರಲ್ಲಿ ಮಧ್ಯಪ್ರಾಚ್ಯದ ದಾರಿಯಾಗಿ, ಸಿಕ್ಕ ಸಿಕ್ಕ ಕಡೆ ಹಾಡಿ ದಾರಿಖರ್ಚು ಹುಟ್ಟಿಸಿಕೊಳ್ಳುತ್ತ, ಇಂಗ್ಲೆಂಡಿಗೆ ಹೋಗಿಬಿಟ್ಟರು.

ಅಲ್ಲಿ ಯಾರೂ ಕೆಂಪು ಹಾಸು ಹಾಸಿ ಕಾದಿರಲಿಲ್ಲ. ಲಂಡನ್ನಿನ ಅಮೆರಿಕ ರಾಯಭಾರ ಕಚೇರಿಯ ಅಡುಗೆಮನೆಯಲ್ಲಿ ಕೆಲಸ ಮಾಡಿ ಕೂಡಿಟ್ಟ ಹಣದಲ್ಲಿ ಸ್ಟುಡಿಯೊ ಬಾಡಿಗೆಗೆ ಹಿಡಿದು ಹಾಡು ಮಾಡುವುದೇ ಅವರ ದಿನಚರಿಯಾಯಿತು. ತಿರುವು ಬಂದದ್ದು 1974ರಲ್ಲಿ. ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಸ್ ಅವರ ರೆಕಾರ್ಡಿಂಗಿಗೆ ಗೊತ್ತುಮಾಡಿದ್ದು ಮೂರು ತಾಸು. ಬಹುಪಾಲು ವೇಳೆ ಮುಖ್ಯ ಹಾಡಿಗೇ ಹೋಯಿತು. ಡಿಸ್ಕಿನ ಹಿಂಬದಿ ತುಂಬಲು ಇನ್ನೊಂದು ಹಾಡು ಬೇಕಲ್ಲ ಎಂದು, ಉಳಿದ ಕೆಲವೇ ನಿಮಿಷಗಳಲ್ಲಿ ಎರಡು ಸಲ ಹಾಡಿಸಿ ಮುಗಿಸಿದರು. ಹಾಗೆ ಮುಗಿಸಿದ್ದೇ ‘ಕುಂಗ್ ಫು ಫೈಟಿಂಗ್’. ಪೈ ರೆಕಾರ್ಡ್ಸ್ ಕಂಪನಿಯವರು ಕೇಳಿ, ಇದೇ ಮುಂಬದಿಗಿರಲಿ ಎಂದರು. ಅದೇ ವರ್ಷ ಅದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಎರಡು ವರ್ಷದ ಬಳಿಕ ಬಿದ್ದು ಅವರು ಟೀನಾ ಚಾರ್ಲ್ಸ್‌ಗೆ ಮಾಡಿಕೊಟ್ಟ ‘ಐ ಲವ್ ಟು ಲವ್’ ಕೂಡ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಹಿಡಿಯಿತು.

ಈಗ ಇನ್ನೊಬ್ಬ ಬೆಂಗಳೂರಿಗರು ಕಥೆಯೊಳಗೆ ಬರುತ್ತಾರೆ. ಹಿಂದಿ ಚಿತ್ರನಟ, ನಿರ್ದೇಶಕ ಫಿರೋಜ್ ಖಾನ್ ಹುಟ್ಟಿದ್ದು 1939ರಲ್ಲಿ ಬೆಂಗಳೂರಿನಲ್ಲಿ, ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ‘ಕುರ್ಬಾನಿ’ ಚಿತ್ರಕ್ಕೆ ಅವರಿಗೆ ಲಂಡನ್ ಡಿಸ್ಕೊಥೆಕ್‌ಗಳಲ್ಲಿ ಕೇಳುವಂಥ ಒಂದು ಹಾಡು ಬೇಕಿತ್ತು. ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜಿ-ಆನಂದ್‌ಜಿ ಅವರವು. ಇದೊಂದಕ್ಕೆ ಮಾತ್ರ ಫಿರೋಜ್ ಖಾನ್ ಬಿದ್ದು ಅವರ ಬೆನ್ನು ಹತ್ತಿದರು. ಹಿಂದಿ ಸಿನಿಮಾ ಸಂಗೀತದಲ್ಲಿ ಬಿದ್ದು ಅವರಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ. ಅಮ್ಮನಿಗೆ ಖುಷಿಯಾಗುತ್ತದೆ ಎಂದು ಒಪ್ಪಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಲಂಡನ್ನಿನಲ್ಲಿ ನಾಜಿಯಾಳನ್ನು ಫಿರೋಜ್ ಖಾನರಿಗೆ ಪರಿಚಯಿಸಿದವರು ಜೀನತ್ ಅಮಾನ್. ಇಂದೀವರ್ ಸಾಹಿತ್ಯ ಬರೆದರು. 1980ರಲ್ಲಿ ತೆರೆಗೆ ಬಂದ ಚಿತ್ರದಲ್ಲಿ ‘ಆಪ್ ಜೈಸಾ ಕೋಯಿ’ ಹಾಡಿದ ಈ ಹುಡುಗಿಗೆ ಫಿಲ್ಮ್‌ಫೇರ್ ಶ್ರೇಷ್ಠ ಹಿನ್ನೆಲೆ ಗಾಯಕಿ ಪ್ರಶಸ್ತಿ ಬಂತು.

ಆ ಹಾಡು ಆಗಿನ ಬೊಂಬಾಯಿಯ ಹಾಡುಗಳಿಗಿಂತ ಬೇರೆಯಾಗಿ ಕೇಳಿಸಲು ಕಾರಣ ಅದು ತಯಾರಾದ ರೀತಿ. ಬೊಂಬಾಯಿಯಲ್ಲಿ ಬಹುಮಟ್ಟಿಗೆ ಪಿಟೀಲು ತಂಡ, ತಬಲಾ, ಢೋಲಕ್, ಗಾಯಕರು ಎಲ್ಲರೂ ಒಟ್ಟಿಗೆ ಕೂತು ಒಂದೇ ಉಸಿರಿನಲ್ಲಿ ಹಾಡು ಮುಗಿಸುತ್ತಿದ್ದರು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಲಂಡನ್ನಿನ ಪದ್ಧತಿಯೇ ಬೇರೆ. ಮೊದಲು ಡ್ರಮ್ಸ್ ಮತ್ತು ಬೇಸ್ ಗಿಟಾರ್, ಅದರ ಮೇಲೆ ಬೇರೆ ಬೇರೆ ಟ್ರ್ಯಾಕುಗಳಲ್ಲಿ ಸಿಂಥಸೈಜರ್, ಗಿಟಾರ್, ಹಿನ್ನೆಲೆಯ ದನಿಗಳು, ಕೊನೆಗೆ ಗಾಯಕಿ. ನಾಜಿಯಾಳದು ತೆಳುವಾದ, ಒಂದಿಷ್ಟು ಮೂಗಿನ ದನಿ. ಅದೇ ಸಾಲನ್ನು ಎರಡು ಸಲ ಹಾಡಿಸಿ ಒಂದರ ಮೇಲೊಂದು ಕೂಡಿಸಿದಾಗ ಆ ದನಿಗೆ ಮೈ ಬಂತು, ಮಿನುಗು ಬಂತು. ಲತಾ, ಆಶಾ ಅವರ ಗಾಯನದ ಪಕ್ಕದಲ್ಲಿಟ್ಟು ಈ ದನಿಯನ್ನು ತೂಗಬಾರದು. ಇಲ್ಲಿ ಗಾಯಕಿ ತಾಳದ ಮೇಲೆ ಸವಾರಿ ಮಾಡುವುದಿಲ್ಲ, ತಾಳದ ಒಳಗೇ ಇರುತ್ತಾಳೆ.

‘ಕುರ್ಬಾನಿ’ಯ ಗೆಲುವು ಒಂದು ಧೈರ್ಯ ಕೊಟ್ಟಿತು. ಒಂದು ಹಾಡಿಗೆ ಇಷ್ಟು ಜನ ಕುಣಿದರೆ, ಇಡೀ ಆಲ್ಬಮ್ ಯಾಕೆ ಆಗಬಾರದು? ಸಿನಿಮಾದವರ ಕಥೆ, ಸನ್ನಿವೇಶ, ನಾಯಕಿಯ ತುಟಿಚಲನೆ ಯಾವುದರ ಹಂಗೂ ಇಲ್ಲದೆ ಮಾಡಿದ್ದು ‘ಡಿಸ್ಕೊ ದೀವಾನೆ’. ಶೀರ್ಷಿಕೆ ಗೀತೆಯಲ್ಲಿ ಬೇಸ್ ಡ್ರಮ್ಮು ಪ್ರತಿ ಮಾತ್ರೆಗೂ ಒಂದೇ ತೂಕದಲ್ಲಿ ಬಡಿಯುತ್ತ ಹೋಗುತ್ತದೆ. ಕಾಲು ತಾನಾಗಿ ಅಲುಗುವುದು ಅದರಿಂದಲೇ. ‘ಲೇಕಿನ್ ಮೇರಾ ದಿಲ್’ ಬಂದಾಗ ವೇಗ ಇಳಿಯುತ್ತದೆ, ದನಿ ಕಿವಿಯ ಪಕ್ಕದಲ್ಲೇ ಪಿಸುಗುಟ್ಟಿದಷ್ಟು ಹತ್ತಿರ ಬರುತ್ತದೆ. ‘ಆವೋ ನಾ’, ‘ಕೋಮಲ್’, ‘ದಿಲ್ ಮೇರಾ’ ಹಾಡುಗಳೂ ಇದರಲ್ಲಿವೆ. ಶೀರ್ಷಿಕೆ ಗೀತೆಯ ವಾದ್ಯರೂಪವನ್ನೂ ಸೇರಿಸಿದ್ದಾರೆ. ಹಾಡಿಲ್ಲದೆ ಬರೀ ತಾಳಕ್ಕೆ ಕುಣಿಯಿರಿ ಎಂದು ಸಂಗೀತ ನಿರ್ದೇಶಕರೊಬ್ಬರು ಕೇಳುಗರನ್ನು ನೇರವಾಗಿ ಕರೆದದ್ದು ಆ ಕಾಲಕ್ಕೆ ದೊಡ್ಡ ಮಾತು.

ಇದರ ನಂತರ ಡಿಸ್ಕೊ ದೇಶವನ್ನೇ ಆವರಿಸಿತು. 1982ರಲ್ಲಿ ಬಪ್ಪಿ ಲಾಹಿರಿ ಅವರ ಸಂಗೀತವಿದ್ದ ‘ಡಿಸ್ಕೊ ಡಾನ್ಸರ್’ ಚಿತ್ರ ಬಂತು. ಆ ಅಲೆ ದಕ್ಷಿಣಕ್ಕೂ ಇಳಿಯಿತು: ಹೈದರಾಬಾದಿನ ಪದ್ಮಾಲಯ ಸ್ಟುಡಿಯೊದ ತೆಲುಗು ನಟ ಕೃಷ್ಣ ಅವರು 1986ರಲ್ಲಿ ತಮ್ಮ 70 ಎಂಎಂ ಚಿತ್ರ ‘ಸಿಂಹಾಸನಂ’ಗೆ ಬಪ್ಪಿಯವರನ್ನೇ ಕರೆತಂದರು. ರಾಜರಾಣಿಯರ ಜಾನಪದ ಕಥೆಗೂ ಡ್ರಮ್ ಮತ್ತು ಸಿಂಥಸೈಜರ್ ಬಂದದ್ದು ಹೀಗೆ.

ಆದರೆ ಸಿನಿಮಾದ ಹೊರಗೆ ಹೋದವರೆಲ್ಲ ಗೆಲ್ಲಲಿಲ್ಲ. ಎಚ್‌ಎಂವಿಯೇ 1982ರಲ್ಲಿ ‘ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ರೆಕಾರ್ಡನ್ನು ತಂದಿತ್ತು. ಬೊಂಬಾಯಿಯ ಸಿನಿಮಾ ವಾದ್ಯವೃಂದದ ಕಲಾವಿದ ಚರಣ್‌ಜಿತ್ ಸಿಂಗ್ ಅವರು ರೋಲ್ಯಾಂಡ್ ಕಂಪನಿಯ ಜುಪಿಟರ್-8, ಟಿಬಿ-303, ಟಿಆರ್-808 ಎಂಬ ಮೂರು ಯಂತ್ರಗಳನ್ನು ಜೋಡಿಸಿ ಭೈರವ್, ಲಲಿತ್ ಮೊದಲಾದ ರಾಗಗಳನ್ನು ನುಡಿಸಿದ್ದರು. ಆಗ ಕೇಳುವವರೇ ಇರಲಿಲ್ಲ. ಹಾಲೆಂಡಿನ ಬಾಂಬೆ ಕನೆಕ್ಷನ್ ಸಂಸ್ಥೆ 2010ರಲ್ಲಿ ಅದನ್ನು ಮರುಮುದ್ರಿಸಿದಾಗ, ಷಿಕಾಗೊದಲ್ಲಿ ‘ಆ್ಯಸಿಡ್ ಹೌಸ್’ ಎಂಬ ನೃತ್ಯಸಂಗೀತ ಹುಟ್ಟುವ ಮೊದಲೇ ಬೊಂಬಾಯಿಯಲ್ಲಿ ಅದೇ ನಾದ ಹೊರಟಿತ್ತಲ್ಲ ಎಂದು ಜಗತ್ತು ಬೆರಗಾಯಿತು. 2015ರಲ್ಲಿ ತೀರಿಕೊಳ್ಳುವ ಮುನ್ನ ಸಿಂಗ್ ಅವರು ಯುರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸಿ ಬಂದರು. ಸಂಗೀತದ ಹೊಸತನದಲ್ಲಿ ಚರಣ್‌ಜಿತ್ ಸಿಂಗ್ ಒಂದು ತೂಕ ಹೆಚ್ಚೇ. ಬಿದ್ದು ಅವರ ಸಾಧನೆ ಬೇರೆ: ಇಂಥ ಸಂಗೀತಕ್ಕೆ ಇಲ್ಲಿ ಕೇಳುಗರಿದ್ದಾರೆ, ಕೊಳ್ಳುವವರಿದ್ದಾರೆ ಎಂದು ಅವರು ತೋರಿಸಿಕೊಟ್ಟರು.

ಬಿದ್ದು-ನಾಜಿಯಾ ಜೋಡಿ ಮುಂದೆ ‘ಸ್ಟಾರ್’ ಚಿತ್ರದ ಹಾಡುಗಳನ್ನೂ 1984ರಲ್ಲಿ ‘ಯಂಗ್ ತರಂಗ್’ ಆಲ್ಬಮನ್ನೂ ಮಾಡಿತು. ಅಷ್ಟರಲ್ಲಿ ಕ್ಯಾಸೆಟ್ಟು ಎಲ್‌ಪಿಯನ್ನು ಬದಿಗೆ ತಳ್ಳತೊಡಗಿತ್ತು. 1995ರಲ್ಲಿ ಅಲಿಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ ಇಂಡಿಪಾಪ್ ಎಂಬ ಅಲೆಯನ್ನೇ ಎಬ್ಬಿಸಿದಾಗ, ಅದರ ಸಂಗೀತವೂ ಬಿದ್ದು ಅವರದೇ ಆಗಿತ್ತು. ನಾಜಿಯಾ 2000ದ ಆಗಸ್ಟ್ 13ರಂದು, 35ರ ವಯಸ್ಸಿಗೇ ಕ್ಯಾನ್ಸರಿನಿಂದ ತೀರಿಕೊಂಡರು. ಫಿರೋಜ್ ಖಾನ್ 2009ರಲ್ಲಿ ಹುಟ್ಟೂರು ಬೆಂಗಳೂರಿನಲ್ಲೇ ಕಣ್ಮುಚ್ಚಿದರು. 2012ರಲ್ಲಿ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರ ‘ಡಿಸ್ಕೊ ದೀವಾನೆ’ಯನ್ನು ಮತ್ತೆ ಕುಣಿಸಿತು. ಸಿನಿಮಾ ಬೇಡವೆಂದು ಹುಟ್ಟಿದ ಹಾಡನ್ನು ಕೊನೆಗೆ ಸಿನಿಮಾವೇ ಬಂದು ಎತ್ತಿಕೊಂಡಿತು.

ಕರ್ನಾಟಕದ ಸಂಗೀತ ಚರಿತ್ರೆಗಳಲ್ಲಿ ಶಾಸ್ತ್ರೀಯಕ್ಕೆ, ಸುಗಮ ಸಂಗೀತಕ್ಕೆ, ಚಿತ್ರಗೀತೆಗೆ ಅಧ್ಯಾಯಗಳಿವೆ. ಟ್ರೋಜನ್ಸ್‌ನಂಥ ತಂಡಗಳಿಗೆ ಒಂದು ಪುಟವೂ ಸಿಗುವುದು ಕಷ್ಟ. ಇಂಗ್ಲಿಷಿನಲ್ಲಿ ಹಾಡಿದರು ಎಂಬ ಕಾರಣಕ್ಕೆ ಅವರನ್ನು ಹೊರಗಿಡುವುದು ನ್ಯಾಯವಲ್ಲ. ಅರವತ್ತು, ಎಪ್ಪತ್ತರ ದಶಕದ ಬೆಂಗಳೂರಿನ ಬ್ಯಾಂಡುಗಳ ಫೋಟೊ, ಕರಪತ್ರ, ಟೇಪು, ರೆಕಾರ್ಡು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಜೆ.ಪಿ. ನಗರದಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಎಂಬ ಸಂಗೀತ ವಸ್ತುಸಂಗ್ರಹಾಲಯವಿದೆ. ಮೊದಲು ಅಲ್ಲಿನವರಿಗೊಮ್ಮೆ ತೋರಿಸಿ.