ಮರಳಿಸಿದ ಬಂದೂಕುಗಳು

ಅಮೆರಿಕದಲ್ಲಿ ‘ರೆಡ್ ಫ್ಲ್ಯಾಗ್ ಕಾನೂನು’ ಎಂದು ಕರೆಯುವುದು ಗುಂಡು ಹಾರುವ ಮೊದಲೇ ಕೈಹಾಕುವ ಕಾನೂನನ್ನು. ತನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಕುತ್ತು ತರಬಹುದೆಂದು ಕಂಡುಬಂದ ವ್ಯಕ್ತಿಯ ಬಂದೂಕುಗಳನ್ನು ನ್ಯಾಯಾಧೀಶರ ಆದೇಶದ ಮೇಲೆ ಕೆಲಕಾಲ ತೆಗೆದಿಡುವ ಏರ್ಪಾಡು ಇದು. ಇದಕ್ಕೆ ಆತ ಅಪರಾಧ ಮಾಡಿರಬೇಕೆಂದಿಲ್ಲ. ಅವಧಿ ಮುಗಿದು ಅಪಾಯವೂ ಕಳೆದಿದ್ದರೆ ಬಂದೂಕು ಮನೆಗೆ ಮರಳುತ್ತದೆ.

ಇಷ್ಟಕ್ಕೆ ಪ್ರತ್ಯೇಕ ಕಾನೂನು ಏಕೆ ಬೇಕಾಯಿತೆಂದು ನಮ್ಮಲ್ಲಿ ಯಾರಿಗಾದರೂ ಅನಿಸಬಹುದು. ಭಾರತದಲ್ಲಿ ಕೋವಿ ಎಂಬುದು ಸರ್ಕಾರ ಕೊಟ್ಟ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಶಾಂತಿಗೆ ಅಗತ್ಯವೆನಿಸಿದರೆ ಲೈಸೆನ್ಸ್ ಕೊಟ್ಟ ಅಧಿಕಾರಿಯೇ ಅದನ್ನು ಅಮಾನತಿನಲ್ಲಿಡಬಹುದು. ಚುನಾವಣೆ ಬಂತೆಂದರೆ ಮಲೆನಾಡಿನ ಬೆಳೆಗಾರರು ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು ಬರುವುದೂ ಹಳೆಯ ಮಾತು. ಅಮೆರಿಕದಲ್ಲಿ ಹಾಗಲ್ಲ. 1791ರಲ್ಲಿ ಬಂದ ಸಂವಿಧಾನದ ಎರಡನೇ ತಿದ್ದುಪಡಿಯಿಂದಾಗಿ ಅಲ್ಲಿ ಬಂದೂಕು ಪ್ರಜೆಯ ಹಕ್ಕು. ಹಕ್ಕನ್ನು ತಡೆಹಿಡಿಯಲು ಪೊಲೀಸರ ಗುಮಾನಿಯೊಂದೇ ಸಾಲದು.

ಮೊದಲ ಕಾನೂನು ಬಂದದ್ದು ಕನೆಕ್ಟಿಕಟ್ ರಾಜ್ಯದಲ್ಲಿ. 1998ರ ಮಾರ್ಚ್ 6ರಂದು ನ್ಯೂಯಿಂಗ್ಟನ್ ಊರಿನ ರಾಜ್ಯ ಲಾಟರಿ ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದ ನೌಕರನೊಬ್ಬ ನಾಲ್ವರು ಮೇಲಧಿಕಾರಿಗಳನ್ನು ಕೊಂದು ತಾನೂ ಸತ್ತ. ಮಾನಸಿಕ ಒತ್ತಡದಿಂದ ದೀರ್ಘ ರಜೆಯಲ್ಲಿದ್ದವನು ಆಗಷ್ಟೇ ಕೆಲಸಕ್ಕೆ ಮರಳಿದ್ದ. ಮರುವರ್ಷ ಅಕ್ಟೋಬರ್ 1ರಿಂದ ಹೊಸ ಕಾನೂನು ಜಾರಿಯಾಯಿತು. ಅದರಂತೆ ಇಬ್ಬರು ಪೊಲೀಸ್ ಅಧಿಕಾರಿಗಳು ಅಥವಾ ಸರ್ಕಾರಿ ವಕೀಲರು ವಿಚಾರಿಸಿ ನೋಡಿ ವಾರಂಟ್ ಕೇಳಬಹುದು. 14 ದಿನಗಳೊಳಗೆ ವಿಚಾರಣೆ ನಡೆಯಬೇಕು. ಬಂದೂಕುಗಳನ್ನು ಒಂದು ವರ್ಷದ ತನಕ ಇಟ್ಟುಕೊಳ್ಳಬಹುದೆಂಬ ಮಿತಿ 2022ರವರೆಗೆ ಇತ್ತು. ಇತ್ತೀಚೆಗೆ ಒಡ್ಡಿದ ಬೆದರಿಕೆಗಳ ಜೊತೆಗೆ ಪ್ರಾಣಿಗಳ ಮೇಲೆ ತೋರಿದ ಕ್ರೌರ್ಯವನ್ನೂ ನ್ಯಾಯಾಧೀಶರು ಗಣನೆಗೆ ತೆಗೆದುಕೊಳ್ಳುತ್ತಾರೆ. ಆದರೂ ಮೊದಲ ಕೆಲವು ವರ್ಷ ಅದನ್ನು ಬಳಸಿದ್ದು ತೀರ ಕಡಿಮೆ.

ಈ ಕಾನೂನು ಏಕೆ ಬೇಕೆಂಬುದನ್ನು ತೋರಿಸಿಕೊಟ್ಟದ್ದು ಇಂಡಿಯಾನಾ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್. 2004ರ ಜನವರಿಯಲ್ಲಿ ಅಲ್ಲಿನ ಪೊಲೀಸರು ತೀವ್ರ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದ ಒಬ್ಬನನ್ನು ಆಸ್ಪತ್ರೆಗೆ ಸೇರಿಸಿ, ಮನೆಯಲ್ಲಿದ್ದ ಬಂದೂಕುಗಳನ್ನೂ ಮದ್ದುಗುಂಡುಗಳನ್ನೂ ವಶಕ್ಕೆ ಪಡೆದರು. ಅಪಾಯ ಎಲ್ಲರ ಕಣ್ಣಿಗೂ ಬಿದ್ದಿತ್ತು. ಆದರೆ ಆತ ಆಸ್ಪತ್ರೆಯಿಂದ ಹೊರಬಂದು ತನ್ನ ವಸ್ತುಗಳನ್ನು ಕೇಳಿದಾಗ, ಕೊಡುವುದಿಲ್ಲ ಎನ್ನಲು ಪೊಲೀಸರಿಗೆ ಕಾನೂನಿನಲ್ಲಿ ಆಧಾರವೇ ಇರಲಿಲ್ಲ. ಮಾರ್ಚ್‌ನಲ್ಲಿ ಎಲ್ಲವನ್ನೂ ಹಿಂದಿರುಗಿಸಿದರು. ಆಗಸ್ಟ್ 18ರ ನಸುಕಿನಲ್ಲಿ ಆತ ಮೊದಲು ಹೆತ್ತ ತಾಯಿಯನ್ನು ಕೊಂದ. ಆಮೇಲೆ ರೈಫಲ್ ಹಿಡಿದು ಬೀದಿಗಿಳಿದ. ಓಡಿಬಂದ ಪೊಲೀಸರಲ್ಲಿ ನಾಲ್ವರು ಗಾಯಗೊಂಡರು. ಜೇಕ್ ಲೇರ್ಡ್ ಎಂಬ ಅಧಿಕಾರಿ ಪ್ರಾಣ ಬಿಟ್ಟರು. ಕೈಗೆ ಬಂದಿದ್ದ ಆಯುಧವನ್ನು ಪೊಲೀಸರೇ ಮರಳಿಸಿ, ಪೊಲೀಸರೇ ಅದಕ್ಕೆ ಬಲಿಯಾದ ಈ ಘಟನೆ ಇಪ್ಪತ್ತು ವರ್ಷಗಳ ನಂತರವೂ ಓದುವವರ ಹೊಟ್ಟೆಯಲ್ಲಿ ಸಂಕಟ ಎಬ್ಬಿಸುತ್ತದೆ. 2005ರಲ್ಲಿ ಲೇರ್ಡ್ ಅವರ ಹೆಸರಿನಲ್ಲೇ ಕಾನೂನು ಬಂತು. ತುರ್ತಿದ್ದರೆ ವಾರಂಟ್ ಇಲ್ಲದೆಯೂ ಬಂದೂಕು ತೆಗೆದುಕೊಂಡು ನಂತರ ನ್ಯಾಯಾಲಯಕ್ಕೆ ವರದಿ ಕೊಡುವ ಅವಕಾಶ ಅದರಲ್ಲಿತ್ತು.

ಕುಟುಂಬದವರಿಗೂ ಅರ್ಜಿ ಹಾಕುವ ಹಕ್ಕು ಸಿಕ್ಕಿದ್ದು ಕ್ಯಾಲಿಫೋರ್ನಿಯಾದಲ್ಲಿ. 2014ರ ಮೇ ತಿಂಗಳಲ್ಲಿ ಅಲ್ಲಿನ ಇಸ್ಲಾ ವಿಸ್ಟಾದಲ್ಲಿ ಯುವಕನೊಬ್ಬ ಆರು ಜನರನ್ನು ಕೊಂದ. ಅದಕ್ಕೆ ಕೆಲವೇ ವಾರಗಳ ಮೊದಲು, ಮನೆಯವರ ಆತಂಕದ ಕರೆಯ ಮೇಲೆ ಪೊಲೀಸರು ಅವನ ಬಾಗಿಲಿಗೆ ಹೋಗಿ, ಮಾತಾಡಿಸಿ, ಹಿಂದಿರುಗಿದ್ದರು. ಆ ವರ್ಷವೇ ಅಂಗೀಕಾರವಾದ ಕಾನೂನು 2016ರಿಂದ ಜಾರಿಗೆ ಬಂತು. 2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೇಲೆ, ಬಂದೂಕು ಹಕ್ಕಿನ ಪರ ನಿಲ್ಲುವ ರಿಪಬ್ಲಿಕನ್ ಪಕ್ಷದ ಗವರ್ನರ್ ಕೂಡ ಸುಮಾರು ಮೂರು ವಾರಗಳಲ್ಲಿ ಇಂಥ ಮಸೂದೆಗೆ ಸಹಿ ಹಾಕಿದರು. 2023ರ ಹೊತ್ತಿಗೆ 21 ರಾಜ್ಯಗಳು ಈ ದಾರಿ ಹಿಡಿದಿದ್ದವು. ಒಕ್ಲಹೋಮಾ 2020ರಲ್ಲಿ ಇದಕ್ಕೆ ವಿರುದ್ಧವಾಗಿ, ತನ್ನ ಊರುಗಳು ಇಂಥ ನಿಯಮ ಮಾಡುವುದನ್ನೇ ನಿಷೇಧಿಸಿತು.

ವಿರೋಧಿಗಳ ಮುಖ್ಯ ತಕರಾರು, ಬಂದೂಕಿನ ಒಡೆಯನ ಮಾತು ಕೇಳುವ ಮೊದಲೇ ತಾತ್ಕಾಲಿಕ ಆದೇಶ ಹೊರಡುತ್ತದೆ ಎಂಬುದು. ಇದು ತಳ್ಳಿಹಾಕುವ ಮಾತಲ್ಲ; ಬೇಗ ವಿಚಾರಣೆ ನಡೆಯಬೇಕೆಂಬ ಕಟ್ಟಳೆ ಇರುವುದೂ ಅದಕ್ಕಾಗಿಯೇ. ಇನ್ನೊಂದೆಡೆ, ಕಾನೂನಿನ ಹೆಚ್ಚಿನ ಫಲ ಕಂಡದ್ದು ಸಾಮೂಹಿಕ ಹತ್ಯೆಗಿಂತ ಆತ್ಮಹತ್ಯೆಯ ತಡೆಯಲ್ಲಿ. ಕನೆಕ್ಟಿಕಟ್‌ನಲ್ಲಿ 1999ರಿಂದ 2013ರವರೆಗೆ ನಡೆದ 762 ವಶಪಡಿಕೆಗಳನ್ನು ಪರಿಶೀಲಿಸಿದ ಸಂಶೋಧಕ ಜೆಫ್ರಿ ಸ್ವಾನ್ಸನ್ ಮತ್ತು ಜೊತೆಗಾರರು, ಸರಿಸುಮಾರು ಪ್ರತಿ 10ರಿಂದ 20 ವಶಪಡಿಕೆಗೆ ಒಂದು ಆತ್ಮಹತ್ಯೆ ತಪ್ಪಿದೆ ಎಂದು ಅಂದಾಜಿಸಿದರು.

ಆದರೆ ಕಾನೂನು ತಾನಾಗಿ ನಡೆಯುವುದಿಲ್ಲ. 2020ರ ಮಾರ್ಚ್‌ನಲ್ಲಿ ಅದೇ ಇಂಡಿಯಾನಾಪೊಲಿಸ್‌ನಲ್ಲಿ ತಾಯಿಯೊಬ್ಬಳು ಮಗನ ಬಗ್ಗೆ ಪೊಲೀಸರಿಗೆ ಮೊರೆಯಿಟ್ಟಳು. ಪೊಲೀಸರು ಅವನ ಶಾಟ್‌ಗನ್ ತೆಗೆದುಕೊಂಡರು, ಮನೆಯವರೂ ವಾಪಸ್ ಕೇಳಲಿಲ್ಲ. ವಿಚಾರಣೆಗೆ ಸಿಕ್ಕುವ ಎರಡು ವಾರಗಳಲ್ಲಿ ಸಾಕ್ಷ್ಯ ಹೊಂದಿಸಲಾಗದು, ಸೋತರೆ ಬಂದೂಕನ್ನೇ ಹಿಂತಿರುಗಿಸಬೇಕಾದೀತು ಎಂದು ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ಹೋಗಲಿಲ್ಲ. ಹೋಗಿ ಗೆದ್ದಿದ್ದರೆ ಹೊಸ ಬಂದೂಕಿನ ಖರೀದಿಗೂ ತಡೆ ಬೀಳುತ್ತಿತ್ತು. ಆ ತಡೆ ಇಲ್ಲದೆ ಯುವಕ ಅದೇ ವರ್ಷ ಕಾನೂನುಬದ್ಧವಾಗಿ ಎರಡು ರೈಫಲ್ ಕೊಂಡ. 2021ರ ಏಪ್ರಿಲ್ 15ರ ರಾತ್ರಿ ಅಲ್ಲಿನ ಫೆಡೆಕ್ಸ್ ಕೊರಿಯರ್ ಕಂಪನಿಯ ಗೋದಾಮಿನಲ್ಲಿ ಅವನ ಗುಂಡಿಗೆ ಎಂಟು ಜನ ಬಲಿಯಾದರು. ಅವರಲ್ಲಿ ನಾಲ್ವರು ಸಿಖ್ಖರು.